ಚಾಂದಿನ ಲೆಕ್ಕದಲ್ಲಿ ಹದಿಮೂರು

ನ್ಯೂವೆಗೈನ್, ಬೆಳಿಗ್ಗೆ

ಆ ಶನಿವಾರವೂ ಎಂದಿನಂತೆ ನಾನು ಹಾಲು ಉಕ್ಕಿಸಿದೆ. ನನ್ನ ತಂಗಿ ನಸೀಮಾಳ ಒಲೆಯಲ್ಲಿ ಬೆಂಕಿ ಕಾಣುವುದಿಲ್ಲ. ಕಪ್ಪು ಗಾಜಿನ ಮೇಲೆ ಒಂದು ಕೆಂಪು ಅಂಕೆ ಕಾಣುತ್ತದೆ, ಅಷ್ಟೆ. ಆರು ತಿಂಗಳಾದರೂ ನನ್ನ ಕಣ್ಣು ಪಾತ್ರೆಯ ಕೆಳಗೆ ಬೆಂಕಿಯನ್ನೇ ಹುಡುಕುತ್ತದೆ, ಅಷ್ಟರಲ್ಲಿ ಹಾಲು ತನ್ನ ಕೆಲಸ ಮುಗಿಸಿರುತ್ತದೆ. ಒರೆಸಿದೆ. ಚಹಾ ಸೋಸಿದೆ. ಊಟದ ಮೇಜಿನ ಒಂದು ತುದಿಯಲ್ಲಿ ನಸೀಮಾಳ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ಅವಳ ಗಂಡ ಇರ್ಫಾನನದು. ಅವಳ ಆಫೀಸು ಕಾಪೆಲ್ಲೆಯಲ್ಲಿ, ಅವನದು ಯುಟ್ರೆಕ್ಟ್‌ನಲ್ಲಿ. ಮಾರ್ಚಿನಿಂದ ಎರಡೂ ಆಫೀಸುಗಳು ಈ ಮೇಜಿನ ಮೇಲೇ ಇದ್ದವು, ಗಡಿಯಲ್ಲಿ ನನ್ನ ಚಪಾತಿ ಡಬ್ಬಿ. ಆ ದಿನ ಇಬ್ಬರಿಗೂ ‘ರಿಲೀಸ್’ ಇತ್ತು, ಹೊಸ ಸಾಫ್ಟ್‌ವೇರ್ ಹೊರಬಿಡುವ ಕೆಲಸ. ಹೆರಿಗೆ ವಾರ್ಡಿನ ಹೊರಗೆ ಕೂತವರ ಹಾಗೆ ಇಬ್ಬರೂ ಪಿಸುಮಾತಿನಲ್ಲೇ ಇದ್ದರು.

ನಾನು ಫೆಬ್ರವರಿಯಲ್ಲಿ ಬಂದವಳು. ಏಪ್ರಿಲಿನಲ್ಲಿ ಟ್ಯೂಲಿಪ್ ನೋಡಿ, ಅದರ ಫೋಟೋ ತುಮಕೂರಿನ ನಾದಿನಿಯರಿಗೆಲ್ಲ ಕಳಿಸಿ ಮರಳಬೇಕಿತ್ತು. ಟ್ಯೂಲಿಪ್ ಅರಳಿದವು, ನೋಡುವವರಿಲ್ಲದೆ ಉದುರಿದವು. ಲಾಕ್‌ಡೌನಿಗೆ ವಿಮಾನಗಳು ನಿಂತವು. ವೀಸಾ ಮುಗಿದರೂ ಇಲ್ಲೇ ಇರಬಹುದೆಂದು ಸರ್ಕಾರ ಕಾಗದ ಕಳಿಸಿತು. ಹೋಗಲು ವಿಮಾನವೇ ಇಲ್ಲದವಳಿಗೆ ಇರಲು ಅಪ್ಪಣೆ ಕೊಡುವುದು ಎಷ್ಟರಮಟ್ಟಿನ ಔದಾರ್ಯವೋ ನನಗೆ ತಿಳಿಯದು. ಹಾಗಿದ್ದರೂ ವಂದನೆಗಳನ್ನು ತಿಳಿಸಿ ಉತ್ತರ ಬರೆದೆ. ಕಾನ್ವೆಂಟಿನಲ್ಲಿ ನಮಗೆ ಕಾಗದಕ್ಕೆ ಉತ್ತರ ಬರೆಯದಿರುವುದು ಪಾಪ ಎಂದು ಕಲಿಸಿದ್ದರು.

ಫ್ರಿಜ್ಜಿನ ಬಾಗಿಲ ಮೇಲೆ ಇನ್ನೊಂದು ಕಾಗದ ಅಂಟಿಸಿದೆ. ಅದು ಪಕ್ಕದ ಮನೆಯ ಟ್ರೂಸ್ ಅಜ್ಜಿಯದು. ಅವರಿಗೆ ಎಂಬತ್ತರ ಹತ್ತಿರ ಇರಬಹುದು. ಅವರ ಅಡುಗೆಮನೆಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ. ನಸೀಮಾಳ ಮಗ ಜೈನ್ ವಸಂತದಲ್ಲಿ ಡ್ರಮ್ ಬಾರಿಸಲು ಶುರು ಮಾಡಿದ ವಾರವೇ ಆ ಕಾಗದ ಬಂತು. ಗೋಡೆಯ ಆಚೆಯಿಂದ, ಅಂಚೆಯಲ್ಲಿ, ಅಂಚೆಚೀಟಿ ಸಮೇತ. ಡ್ರಮ್ಮನ್ನು ನಾಲ್ಕರಿಂದ ನಾಲ್ಕೂವರೆವರೆಗೆ ಬಾರಿಸಬಹುದು, ಭಾನುವಾರ ಬೇಡ, ಸ್ನೇಹಪೂರ್ವಕ ವಂದನೆಗಳು. ತುಮಕೂರಿನಲ್ಲಾಗಿದ್ದರೆ ಪಕ್ಕದ ಮನೆಯವರು ಕುಟ್ಟಾಣಿಯಿಂದ ಗೋಡೆಗೆ ಎರಡು ಗುದ್ದಿ, ಮರುದಿನ ಅದೇ ಗೋಡೆಯ ಮೇಲಿಂದ ಒಂದು ಬಟ್ಟಲು ಸಾರು ದಾಟಿಸುತ್ತಿದ್ದರು. ಇಲ್ಲಿ ಗುದ್ದೂ ಇಲ್ಲ, ಸಾರೂ ಇಲ್ಲ. ಜೈನ್ ಮಾತ್ರ ಒಂದು ದಿನವೂ ತಪ್ಪದೆ ನಾಲ್ಕಕ್ಕೆ ಶುರು ಮಾಡಿ ನಾಲ್ಕೂವರೆಗೆ ನಿಲ್ಲಿಸುತ್ತಿದ್ದ.

ಈ ಡ್ರಮ್ಮಿನ ಮೂಲ ಶಾಲೆಯಲ್ಲಿದೆ. ಇಲ್ಲಿ ಮಕ್ಕಳು ತರಗತಿಯ ಮುಂದೆ ನಿಂತು ತಮಗಿಷ್ಟವಾದ ವಿಷಯದ ಮೇಲೆ ಮಾತಾಡಬೇಕು. ಬೇರೆಯವರು ಕುದುರೆ, ಫುಟ್‌ಬಾಲ್ ಎಂದರೆ ನಮ್ಮವನು ಅಮೆರಿಕದ ಅಂತರ್ಯುದ್ಧದ ಡ್ರಮ್ ಹುಡುಗರನ್ನು ಹಿಡಿದ. ಶಾಲೆ ಮುಚ್ಚಿದ್ದರಿಂದ ಆ ಭಾಷಣವನ್ನು ಅವನು ಲ್ಯಾಪ್‌ಟಾಪಿನ ಎದುರು ಮಾಡಿದ. ಕೇಳಿದವಳು ಹಿಂದೆ ಬೆಳ್ಳುಳ್ಳಿ ಸುಲಿಯುತ್ತಿದ್ದ ನಾನು. ಬಂದೂಕು ಹಿಡಿಯುವ ವಯಸ್ಸಾಗದ ಹತ್ತು, ಹನ್ನೆರಡು ವರ್ಷದ ಹುಡುಗರನ್ನು ವಾದ್ಯಗಾರರೆಂದು ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿದ್ದರಂತೆ. ಕೆಲವರು ವಯಸ್ಸು ಸುಳ್ಳು ಹೇಳಿ ಸೇರುತ್ತಿದ್ದರಂತೆ.

“ಎಲ್ರ ಹತ್ರನೂ ವಾಚ್ ಎಲ್ಲಿರ್ತಿತ್ತು ಖಾಲಾ. ಏಳೋಕೆ ಒಂದು ಬೀಟ್, ಊಟಕ್ಕೆ ಒಂದು, ಮಲಗೋಕೆ ಒಂದು. ಹುಷಾರಿಲ್ದೇ ಇರೋರು ಡಾಕ್ಟರ್ ಹತ್ರ ಬಂದು ಮಾತ್ರೆ ತಗೊಳ್ಳೋಕೂ ಒಂದು. ನಾನು ದಿನಾ ಮೊದ್ಲು ಬಾರಿಸೋದು ಅದನ್ನೇ, ಮಾತ್ರೆದು. ಅದು ಈಸಿ.”

“ಯುದ್ಧ ಶುರುವಾದ್ಮೇಲೆ?”

“ಆಮೇಲೆ ಡ್ರಮ್ ಕೆಳಗಿಟ್ಟು ಗಾಯ ಆದವ್ರನ್ನ ಎತ್ಕೊಂಡು ಬರ್ಬೇಕು. ಸ್ಟ್ರೆಚರ್‌ನಲ್ಲಿ.”

“ಅಷ್ಟು ಚಿಕ್ಕವರು?”

“ಚಿಕ್ಕವ್ರಿಗೆ ಗನ್ ಇರಲ್ವಲ್ಲ, ಅವ್ರು ಫ್ರೀ ಇರ್ತಾರೆ,” ಎಂದ ಜೈನ್.

ಈ ದೇಶದಲ್ಲಿ ಆ ಯುದ್ಧವನ್ನು ವರ್ಷಕ್ಕೊಮ್ಮೆ ಆಡಿ ತೋರಿಸುವ ಒಂದು ಸಂಘವಿದೆ. ಭಾಷಣ ಕೇಳಿದ ಅವನ ಶಿಕ್ಷಕರು ಆ ಸಂಘದ ವಿಳಾಸ ಕೊಟ್ಟರು. ಸಂಘ ಡ್ರಮ್ ಎರವಲು ಕೊಟ್ಟಿತು. ಶಾಲೆ, ಈಜು, ಸ್ನೇಹಿತರು ಎಲ್ಲ ನಿಂತುಹೋದ ಆ ತಿಂಗಳುಗಳಲ್ಲಿ ಹುಡುಗ ಮಾತಾಡಿದ್ದು ಕಡಿಮೆ, ಬಾರಿಸಿದ್ದು ಹೆಚ್ಚು. ಈ ಶನಿವಾರ ಅವನೇ ಉತ್ತರದ ಪಡೆಯ ಡ್ರಮ್ ಹುಡುಗ. “ಇದೊಂದೇ ಸಲ ಖಾಲಾ, ಮುಂದಿನ ವರ್ಷ ನನಗೆ ಸಿಗಲ್ಲ,” ಎಂದು ವಾರದಿಂದ ಹೇಳುತ್ತಿದ್ದ. ಯಾಕೆ ಸಿಗುವುದಿಲ್ಲ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅವನು ನೀಲಿ ಕೋಟು, ಹಿತ್ತಾಳೆ ಗುಂಡಿ ತೊಟ್ಟು ಮಹಡಿಯಿಂದ ಇಳಿದುಬಂದಾಗ ನನಗೆ ನೆನಪಾದದ್ದು ನಮ್ಮೂರಿನ ಮದುವೆಯ ಬ್ಯಾಂಡ್‌ಸೆಟ್. ಅದನ್ನು ಹೇಳಲಿಲ್ಲ. ಎರಡು ವಾರದ ಹಿಂದಷ್ಟೇ ಬಕ್ರೀದ್ ಆಗಿತ್ತು. ಜೈನ್ ಹುಟ್ಟಿದ್ದು ಬಕ್ರೀದ್ ದಿನ. ತುಮಕೂರಿನಿಂದ ನಮ್ಮ ಅಮ್ಮಿ ವಿಡಿಯೋದಲ್ಲಿ ಬಂದು, ತಮ್ಮ ಹಣೆಯನ್ನಷ್ಟೇ ನಮಗೆ ತೋರಿಸುತ್ತ, “ನನ್ನ ಬಕ್ರೀದ್ ಕೂಸಿಗೆ ಹದಿಮೂರು ತುಂಬ್ತು, ಮಾಷಾ ಅಲ್ಲಾ,” ಎಂದಿದ್ದರು. ನಾನು ಶಾವಿಗೆ ಪಾಯಸ ಮಾಡಿದ್ದೆ. ನಮ್ಮ ಮನೆಯಲ್ಲಿ ಪ್ರತಿ ಮಗುವಿಗೂ ಎರಡು ಹುಟ್ಟುಹಬ್ಬ. ಒಂದು ಚಾಂದಿನ, ಅಂದರೆ ಚಂದ್ರನ, ಲೆಕ್ಕದ್ದು, ಪಾಯಸಕ್ಕೆ. ಇನ್ನೊಂದು ಶಾಲೆಯ ಲೆಕ್ಕದ್ದು, ಕೇಕಿಗೆ. ನನಗೆ ಮೂರನೆಯದೂ ಇದೆ, ಕಾನ್ವೆಂಟಿಗೆ ಸೇರಿಸುವಾಗ ಅಬ್ಬಾ ತಾರೀಖು ಹೇಳಲು ತಡವರಿಸಿದ್ದು ಕಂಡು ಸಿಸ್ಟರ್ ತಾವೇ ಬರೆದುಕೊಂಡ ಜೂನ್ ಒಂದು.

“ಆಪಾ, ನೀವೇ ಕರ್ಕೊಂಡು ಹೋಗ್ಬೇಕು. ನಾವಿಬ್ರೂ ಎದ್ದೇಳೋ ಹಾಗಿಲ್ಲ,” ಎಂದಳು ನಸೀಮಾ, ಮೈಕಿನ ಮೇಲೆ ಕೈ ಮುಚ್ಚಿ.

ಬಸ್ಸು, ಯುಟ್ರೆಕ್ಟ್

ಬಸ್ಸಿಗೆ ಹಿಂದಿನ ಬಾಗಿಲಿನಿಂದ ಹತ್ತಬೇಕು. ಮುಂದಿನ ಸಾಲುಗಳಿಗೆ ಕೆಂಪು ಬಿಳಿ ಪಟ್ಟಿ ಕಟ್ಟಿದ್ದಾರೆ. ಅದರಾಚೆ ಚಾಲಕ, ಗರ್ಭಗುಡಿಯ ದೇವರಂತೆ, ಬೆನ್ನು ತೋರಿಸಿ ಕೂತಿರುತ್ತಾನೆ. ನಮ್ಮೂರಿನ ಬಸ್ಸಿನಲ್ಲಿ ಚಾಲಕನ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೂ ಮೂವರು ಕೂತು ಅವನ ಸಂಸಾರದ ಸಮಸ್ಯೆ ಬಗೆಹರಿಸುತ್ತಾರೆ. ಇಲ್ಲಿನ ಚಾಲಕರ ಸಂಸಾರ ಈ ಪಟ್ಟಿಯ ಹಿಂದೆ ಹೇಗೆ ನಡೆಯುತ್ತಿದೆಯೋ.

ನಾನು ಮಾಸ್ಕ್ ಹಾಕಿಕೊಂಡೆ. ಜೈನ್ ಹಾಕಲಿಲ್ಲ. “ಮಕ್ಕಳಿಗೆ ಬೇಡ ಖಾಲಾ,” ಎಂದ. ಡ್ರಮ್ಮನ್ನು ತೊಡೆಯ ಮೇಲಿಟ್ಟುಕೊಂಡು, ಕೋಲುಗಳಿಂದ ಮುಟ್ಟದೆ, ಎರಡು ಬೆರಳಿನ ತುದಿಯಲ್ಲಿ ಸದ್ದಿಲ್ಲದೆ ಅಭ್ಯಾಸ ಮಾಡುತ್ತಿದ್ದ. ಎದುರಿನ ಸೀಟಿನ ಮುದುಕರೊಬ್ಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಕೇಳಿದರು. ಜೈನ್ ಉತ್ತರ ಕೊಟ್ಟ. ಅವರು ತಲೆಯಾಡಿಸಿದರು.

“ಏನಂತೆ?”

“ಯಾವ ಕಡೆ ಅಂತ ಕೇಳಿದ್ರು. ಉತ್ತರ ಅಂದೆ. ಗೆದ್ದವರ ಕಡೆ ಇರೋದೇ ಒಳ್ಳೇದು, ಬೇಗ ಮನೆಗೆ ಹೋಗ್ಬಹುದು ಅಂದ್ರು.”

ಯುಟ್ರೆಕ್ಟ್ ನಿಲ್ದಾಣದ ನೆಲದ ತುಂಬ ಬಾಣದ ಗುರುತು, ಹೋಗುವವರು ಈ ಕಡೆ, ಬರುವವರು ಆ ಕಡೆ. ನಾನೊಬ್ಬಳೇ ಬಾಣ ನೋಡಿ ನಡೆದೆ. ಹಾಗಾಗಿ ಎಲ್ಲರಿಗೂ ಎದುರಾಗಿ ಬಂದವಳು ನಾನೊಬ್ಬಳೇ. ಅಲ್ಲಿಂದ ಇನ್ನೊಂದು ಬಸ್ಸು, ಊರಾಚೆಯ ಹಳೆಯ ಕೋಟೆಗೆ.

ಕೋಟೆ

ನಾನು ಚಿತ್ರದುರ್ಗ ನೋಡಿದವಳು. ಹಾಗಾಗಿ ಕೋಟೆ ಎಂದಾಗ ತಲೆ ಎತ್ತಿಕೊಂಡೇ ಇಳಿದೆ. ಎತ್ತುವ ಅಗತ್ಯವಿರಲಿಲ್ಲ. ಸುತ್ತ ನೀರು, ನಡುವೆ ಹುಲ್ಲು ಬೆಳೆದ ಒಂದು ದಿಬ್ಬ, ದಿಬ್ಬಕ್ಕೆ ಬಾಗಿಲು. ಹಿಂದಿನ ಕಾಲದಲ್ಲಿ ಶತ್ರು ಬಂದರೆ ಇವರು ತಮ್ಮದೇ ಹೊಲಗಳಿಗೆ ಮೊಣಕಾಲು ಮುಳುಗುವಷ್ಟು ನೀರು ಬಿಟ್ಟು, ಈ ದಿಬ್ಬಗಳಲ್ಲಿ ಕೂತು ಕಾಯುತ್ತಿದ್ದರಂತೆ. ಕೊನೆಗೆ ಶತ್ರು ವಿಮಾನದಲ್ಲಿ ಬಂದ. ಈಗ ಕೋಟೆಯನ್ನು ಮದುವೆ, ಹುಟ್ಟುಹಬ್ಬಗಳಿಗೆ ಕೊಡುತ್ತಾರೆ. ಆ ದಿನ ಅಮೆರಿಕಕ್ಕೆ ಕೊಟ್ಟಿದ್ದರು.

ಉತ್ತರದ ಪಡೆಯ ಕ್ಯಾಪ್ಟನ್ ಆರಡಿ ಮೀರಿದ ಮನುಷ್ಯ, ವಾರದ ದಿನಗಳಲ್ಲಿ ತೆರಿಗೆ ಸಲಹೆಗಾರ. ಗಡ್ಡವನ್ನು ಲಾಕ್‌ಡೌನಿನಲ್ಲಿ ನೀರೆರೆದು ಬೆಳೆಸಿದಂತಿತ್ತು. ನನ್ನ ಇಂಗ್ಲಿಷ್ ತನ್ನದಕ್ಕಿಂತ ಚೆನ್ನಾಗಿದೆ ಎಂದ. ನಾಲ್ಕು ಹೆಜ್ಜೆ ದೂರದಿಂದ ಹೇಳಿದ್ದರಿಂದ ಹೊಗಳಿಕೆ ಸ್ವಲ್ಪ ಜೋರಾಗಿಯೇ ಕೇಳಿಸಿತು. ಸಂಕೋಚಪಡುತ್ತಲೇ ಕೇಳಿದೆ: ನಿಮ್ಮಲ್ಲೂ ಬೇಕಾದಷ್ಟು ಯುದ್ಧಗಳಾಗಿವೆಯಲ್ಲ, ಅವನ್ನು ಆಡಬಹುದಿತ್ತಲ್ಲವೇ?

“ನಮ್ಮ ಯುದ್ಧ ಆಡಿದರೆ ಯಾರಿಗಾದರೂ ಬೇಜಾರಾಗುತ್ತೆ, ಮೇಡಂ. ಈ ಯುದ್ಧದಲ್ಲಿ ಇಲ್ಲಿ ಯಾರಿಗೂ ಸಂಬಂಧಿಕರಿಲ್ಲ.”

ಎಲ್ಲವೂ ಆ ಕಾಲದ್ದೇ ಇರಬೇಕೆಂಬುದು ಸಂಘದ ಹಟ. ಜಿಪ್ ಇರಬಾರದು, ಪ್ಲಾಸ್ಟಿಕ್ ಇರಬಾರದು, ಗಡಿಯಾರ ಇರಬಾರದು. ಜೈನ್‌ನನ್ನು ಕಾಲುಚೀಲದ ತಪಾಸಣೆಗೆ ಕರೆದೊಯ್ದರು. ಸೈನಿಕರೆಲ್ಲರ ಸೊಂಟದಲ್ಲೂ ಮದ್ದಿನ ಪುಡಿಯ ಚರ್ಮದ ಚೀಲವಿತ್ತು. ಅದರಿಂದ ಒಬ್ಬೊಬ್ಬರೂ ಸ್ಯಾನಿಟೈಸರ್ ಬಾಟಲಿ ತೆಗೆದು ಕೈ ಉಜ್ಜಿಕೊಳ್ಳುತ್ತಿದ್ದರು.

ಬಾಗಿಲ ಬಳಿಯ ಮೇಜಿನಲ್ಲಿ ಮರೈಕೆ ಎಂಬ ಹೆಂಗಸು ಹೆಸರು ಬರೆದುಕೊಳ್ಳುತ್ತಿದ್ದಳು. ಉದ್ದ ಲಂಗ, ತಲೆಗೆ ಲೇಸಿನ ಟೋಪಿ, ಕೈಯಲ್ಲಿ ಟ್ಯಾಬ್ಲೆಟ್. ಕೆಮ್ಮಿದೆಯೇ, ಜ್ವರವಿದೆಯೇ, ಮೂಗು ಸೋರುತ್ತಿದೆಯೇ ಎಂದು ಓದಿದಳು. ಇಲ್ಲ, ಇಲ್ಲ, ಇಲ್ಲ.

“ಕಳೆದ ಎರಡು ವಾರಗಳಲ್ಲಿ ವಿದೇಶದಲ್ಲಿ ಇದ್ದಿರಾ?”

“ಆರು ತಿಂಗಳಿಂದ ಇದ್ದೇನೆ.”

ಅವಳು ಯೋಚಿಸಿ ‘ಇಲ್ಲ’ ಎಂದು ಒತ್ತಿದಳು.

“ಹುಡುಗನ ವಯಸ್ಸು?”

“ಹದಿಮೂರು,” ಎಂದೆ. ಅರ್ಧ ಉತ್ತರ ಕೊಡಬಾರದೆಂದು ಸಿಸ್ಟರ್ ಕಲಿಸಿದ್ದರಿಂದ ಇನ್ನಷ್ಟು ಸೇರಿಸಿದೆ: “ಎರಡು ವಾರದ ಹಿಂದೆ ತುಂಬಿತು.”

“ಓ, ಅಭಿನಂದನೆಗಳು,” ಎಂದು ಅವಳು ನನಗೆ ಹೇಳಿದಳು. ಇಲ್ಲಿ ಹುಟ್ಟುಹಬ್ಬ ಆದವರಿಗಷ್ಟೇ ಅಲ್ಲ, ಅವರ ಅಪ್ಪ ಅಮ್ಮ, ಚಿಕ್ಕಮ್ಮ ದೊಡ್ಡಮ್ಮಂದಿರಿಗೂ ಅಭಿನಂದನೆ ಸಲ್ಲುತ್ತದೆ. ಆ ಪದ್ಧತಿ ನನಗೆ ಬಹಳ ಇಷ್ಟ. ಅವಳು ಮೊಣಕೈ ಚಾಚಿದಳು, ನಾನೂ ಚಾಚಿದೆ, ನಡುವೆ ಗಾಳಿ ಕೈಕುಲುಕಿತು. ಬಳಿಕ ಪಕ್ಕದಲ್ಲಿದ್ದ ಕಾಗದದ ಪಟ್ಟಿಯ ಮೇಲೆ ಒಂದು ಅಡ್ಡಗೆರೆ ಎಳೆದಳು. ಅದೂ ಒಂದು ಪದ್ಧತಿ ಇರಬೇಕೆಂದುಕೊಂಡೆ.

ಹತ್ತು ನಿಮಿಷದಲ್ಲಿ ಜೈನ್ ಬಂದ. ಡ್ರಮ್ ಇರಲಿಲ್ಲ. ಹೆಗಲ ಮೇಲೆ ಪಟ್ಟಿ ಒತ್ತಿದ ಗುರುತು ಮಾತ್ರ ಇತ್ತು.

“ನನ್ನ ಹೆಸರು ತೆಗೆದ್ಬಿಟ್ರು ಖಾಲಾ.”

“ಯಾಕೆ?”

“ಹನ್ನೆರಡರವರೆಗಿನವ್ರು ಮಾತ್ರ ಡ್ರಮ್‌ಗೆ. ನಾನು ಹದಿಮೂರಂತೆ. ಯಾರೋ ಹೇಳಿದಾರಂತೆ.”

ಯಾರೋ. ಪಟ್ಟಿಯ ಮೇಲಿನ ಆ ಅಡ್ಡಗೆರೆ ನೆನಪಾಯಿತು. “ನಾನು ವಿಚಾರಿಸ್ತೀನಿ ಇರು,” ಎಂದೆ, ಅದರಲ್ಲಿ ಸುಳ್ಳಿರಲಿಲ್ಲ, ನಿಜವೂ ಪೂರ್ತಿ ಇರಲಿಲ್ಲ.

ಮೇಜಿಗೆ ಮರಳಿದೆ. ಸಂಗತಿ ಇಷ್ಟು: ದೊಡ್ಡವರು ಒಬ್ಬರಿಂದೊಬ್ಬರು ಒಂದೂವರೆ ಮೀಟರ್ ದೂರವಿರಬೇಕು. ಹನ್ನೆರಡರವರೆಗಿನ ಮಕ್ಕಳಿಗೆ ಯಾರಿಂದಲೂ ದೂರವಿಲ್ಲ. ಹಾಗಾಗಿ ಈ ವರ್ಷದ ಯುದ್ಧದಲ್ಲಿ ಹತ್ತಿರ ಹೋಗುವ ಕೆಲಸವೆಲ್ಲ ಡ್ರಮ್ ಹುಡುಗರದು. ನೀರು ಕೊಡುವುದು, ಬಾವುಟ ದಾಟಿಸುವುದು, ಗಾಯಾಳುಗಳನ್ನು ಎತ್ತುವುದು. ಹದಿಮೂರಾದ ಕೂಡಲೇ ಹುಡುಗನೂ ದೊಡ್ಡವರಿಂದ ದೂರ ನಿಲ್ಲಬೇಕು.

ನಾನು ವಿವರಿಸಿದೆ. ನಮ್ಮಲ್ಲಿ ಚಾಂದಿನ ವರ್ಷ ಬೇರೆ, ಹನ್ನೊಂದು ದಿನ ಕಡಿಮೆ. ಹುಡುಗ ಹುಟ್ಟಿದ್ದು ಬಕ್ರೀದ್ ದಿನ. ಆ ವರ್ಷ ಬಕ್ರೀದ್ ಬಂದದ್ದು ಡಿಸೆಂಬರಿನಲ್ಲಿ. ಹಬ್ಬ ಹಿಂದೆ ಹಿಂದೆ ಸರಿದು ಈಗ ಬೇಸಿಗೆಗೆ ಬಂದಿದೆ. ನಮ್ಮ ತಾಯಿ ಲೆಕ್ಕ ಹಾಕುವುದು ಹಾಗೆ.

ಮರೈಕೆ ಗಮನವಿಟ್ಟು ಕೇಳಿದಳು. “ಬಹಳ ಸ್ವಾರಸ್ಯಕರ. ಹಾಗಾದರೆ ನಮ್ಮ ಕ್ಯಾಲೆಂಡರಿನಲ್ಲಿ ಅವನಿಗೆ ಎಷ್ಟು?”

“ಹನ್ನೆರಡು.”

“ನಿಮ್ಮದರಲ್ಲಿ?”

“ಹದಿಮೂರು.”

ಅವಳು ಕ್ಯಾಪ್ಟನ್‌ನನ್ನು ಕರೆದಳು. ಕ್ಯಾಪ್ಟನ್ ಟೋಪಿ ತೆಗೆದು ಎದೆಗೆ ಹಿಡಿದು ಎಲ್ಲವನ್ನೂ ಮತ್ತೊಮ್ಮೆ ಕೇಳಿಸಿಕೊಂಡ. ಅವನ ಮುಖದಲ್ಲಿ ನಿಜವಾದ ಗೌರವವಿತ್ತು.

“ಮೇಡಂ, ನಾವು ಎಲ್ಲ ಸಂಸ್ಕೃತಿಗಳನ್ನೂ ಗೌರವಿಸುವವರು. ನಿಮ್ಮ ಕ್ಯಾಲೆಂಡರ್ ನಮ್ಮದಕ್ಕಿಂತ ಕಡಿಮೆ ಅಂತ ಹೇಳೋಕೆ ನಾವ್ಯಾರು? ನಿಮ್ಮಲ್ಲಿ ಹದಿಮೂರು ಅಂದರೆ, ಅವನು ಹದಿಮೂರೇ.”

“ಆದರೆ ನಿಮ್ಮ ಸರ್ಕಾರದ ಪ್ರಕಾರ ಹನ್ನೆರಡು.”

“ಗುರುತಿನ ಚೀಟಿ ಇದೆಯಾ?”

ಇರಲಿಲ್ಲ. ನಸೀಮಾಳಿಗೆ ಫೋನ್ ಮಾಡಿದೆ. ಅವಳು ಹೆರಿಗೆಯಲ್ಲಿದ್ದಳು. ಇರ್ಫಾನನಿಗೆ ಮಾಡಿದೆ, ಅವನೂ ಅದೇ ಹೆರಿಗೆಯಲ್ಲಿದ್ದ. ಗುರುತಿನ ಚೀಟಿಯ ಫೋಟೋ ಕಳಿಸಿ ಎಂದು ಇಬ್ಬರಿಗೂ ಸಂದೇಶ ಹಾಕಿದೆ. ಯುದ್ಧ ಒಂದು ಗಂಟೆಗೆ, ಮುಗಿಯುವುದು ಎರಡಕ್ಕೆ ಎಂದು ಕಾಗದದಲ್ಲಿ ಅಚ್ಚಾಗಿತ್ತು. ಇಲ್ಲಿ ಅಚ್ಚಾದದ್ದನ್ನು ಮೀರಿ ಒಬ್ಬರೂ ಸಾಯುವಂತಿಲ್ಲ.

“ಸತ್ತವರ ಸಾಲಿನಲ್ಲಿ ಒಂದು ಜಾಗ ಖಾಲಿ ಇದೆ,” ಎಂದ ಕ್ಯಾಪ್ಟನ್, ಸಮಾಧಾನ ಮಾಡುವ ದನಿಯಲ್ಲಿ. “ಅಲ್ಲಿ ದೂರ ಕಾಪಾಡುವುದು ಸುಲಭ.”

“ಥ್ಯಾಂಕ್ಯೂ, ಬೇಡ,” ಎಂದ ಜೈನ್. ಅವನು ನನ್ನ ಹಿಂದೆ ಬಂದು ನಿಂತದ್ದು ನನಗೆ ಗೊತ್ತಿರಲಿಲ್ಲ.

ಮೈದಾನ

ನೋಡುವವರಿಗೆ ಹುಲ್ಲಿನ ಮೇಲೆ ಸುಣ್ಣದ ವೃತ್ತ ಎಳೆದಿದ್ದರು. ಒಂದು ವೃತ್ತಕ್ಕೆ ಒಂದು ಮನೆಯವರು. ನಾವಿಬ್ಬರೂ ನಮ್ಮ ವೃತ್ತದಲ್ಲಿ ಕೂತೆವು, ಮಂಡಲದೊಳಗೆ ಕೂಡಿಸಿದ ದೆವ್ವ ಹಿಡಿದವರಂತೆ.

ಡ್ರಮ್ಮನ್ನು ಒಂಬತ್ತು ವರ್ಷದ ಇನ್ನೊಬ್ಬ ಹುಡುಗನಿಗೆ ಕೊಟ್ಟಿದ್ದರು. ಅವನ ಕುತ್ತಿಗೆಗೆ ಹಾಕಿದರೆ ಅದು ನೆಲ ಮುಟ್ಟಿತು. ಬಾರಿಸಲೂ ಅವನಿಗೆ ಬರುತ್ತಿರಲಿಲ್ಲ. ಕೊಳಲಿನ ಹುಡುಗರನ್ನು ಮೊದಲೇ ಕೈಬಿಟ್ಟಿದ್ದರು, ಕೊಳಲಿಗೆ ಊದಬೇಕಲ್ಲ. ಗುಂಪಿನಲ್ಲಿ ಕೂಗುವುದನ್ನೂ ಆಗ ನಿಷೇಧಿಸಿದ್ದರಿಂದ ಸೈನಿಕರ ರಣಘೋಷ ಇರಲಿಲ್ಲ. ಉಳಿದ ಒಂದೇ ದನಿ ಡ್ರಮ್ಮಿನದು. ಅದಕ್ಕೆ ಒಬ್ಬ ಸಾರ್ಜೆಂಟ್ ಹುಲ್ಲಿನ ಕಟ್ಟಿನೊಳಗೆ ಒಂದು ಸ್ಪೀಕರ್ ಬಚ್ಚಿಟ್ಟು, ಫೋನಿನಿಂದ ಹಾಕುವ ಏರ್ಪಾಡು ಮಾಡಿದ. ಹುಲ್ಲು ಆ ಕಾಲದ್ದೇ ಆಗಿತ್ತು.

ಹನ್ನೆರಡೂವರೆಗೆ ಎರಡೂ ಸೈನ್ಯಗಳು ತಂತಮ್ಮ ಡಬ್ಬಿ ತೆರೆದು ಬ್ರೆಡ್ ತಿಂದವು. ಒಂದಕ್ಕೆ ಸಾಲುಗಟ್ಟಿದವು. ಒಬ್ಬನಿಗೂ ಇನ್ನೊಬ್ಬನಿಗೂ ಒಂದೂವರೆ ಮೀಟರ್. ನಲವತ್ತು ಜನರ ಪಡೆ ಮೈದಾನ ದಾಟಿ, ಕಾಲುವೆ ದಾಟಿ, ಪಕ್ಕದ ಹೊಲದವರೆಗೆ ಹಿಗ್ಗಿತು. ದಕ್ಷಿಣದ ಕೊನೆಯ ಸೈನಿಕ ಹಸುಗಳ ನಡುವೆ ನಿಂತಿದ್ದ. ಅವನಿಗೆ ಯುದ್ಧ ಕಾಣುತ್ತಿತ್ತೋ ಇಲ್ಲವೋ, ಹಸುಗಳು ಮಾತ್ರ ಅವನನ್ನು ಚೆನ್ನಾಗಿ ನೋಡಿದವು.

ಸ್ಪೀಕರಿನಿಂದ ಡ್ರಮ್ ಮೊಳಗಿತು. ಎರಡೂ ಸೈನ್ಯಗಳು ಬಾಯಿ ಬಿಗಿದುಕೊಂಡು ಒಂದರ ಮೇಲೊಂದು ಏರಿ ಹೋದವು, ನಿಗದಿಯಾದ ದೂರದವರೆಗೆ. ಜೈನ್ ತಲೆ ಎತ್ತಿದ.

“ಇದು ತಪ್ಪು.”

“ಏನು?”

“ಇದು ಅಟ್ಯಾಕ್‌ದಲ್ಲ ಖಾಲಾ. ಇದು ಊಟಕ್ಕೆ ಕರಿಯೋದು.”

ಸುತ್ತ ನೋಡಿದೆ. ನೂರಾರು ಕಣ್ಣುಗಳು ಗಂಭೀರವಾಗಿದ್ದವು. ಕ್ಯಾಪ್ಟನ್ ಕತ್ತಿ ಎತ್ತಿ ಮುನ್ನುಗ್ಗುತ್ತಿದ್ದ. ಒಂದಿಡೀ ಸೈನ್ಯ ಊಟದ ಕರೆಗೆ ಸಾಯಲು ಹೊರಟಿತ್ತು, ಅದು ಗೊತ್ತಿದ್ದವನು ಆ ಮೈದಾನದಲ್ಲಿ ಒಬ್ಬನೇ, ಅವನನ್ನು ಸುಣ್ಣದ ವೃತ್ತದೊಳಗೆ ಕೂರಿಸಿದವಳು ನಾನು. ಜೈನ್ ನಗಲಿಲ್ಲ. ಕೋಲುಗಳು ಅವನವೇ, ನಾನು ಕೊಡಿಸಿದ್ದು. ಅವನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಕೂತಿದ್ದ.

ಸತ್ತವರು ಬಿದ್ದರು. ಪ್ರತಿಯೊಬ್ಬರ ಜಾಗಕ್ಕೂ ಮೊದಲೇ ಒಂದು ಪುಟ್ಟ ಗೂಟ ನೆಟ್ಟಿದ್ದರು. ಕೆಲವರು ಹುಲ್ಲು ಒದ್ದೆಯೆಂದು ಕಂಬಳಿ ಹಾಸಿಕೊಂಡು ಸತ್ತರು. ಒಬ್ಬ ಗೂಟ ತಪ್ಪಿ ಬಿದ್ದವನು ಎದ್ದು, ಎರಡು ಹೆಜ್ಜೆ ಆಚೆ ಹೋಗಿ, ಸರಿಯಾದ ಕಡೆ ಮತ್ತೆ ಸತ್ತ.

ಆಮೇಲೆ ಹುಡುಗರ ಪಾಳಿ. ಮೂವರು ಇದ್ದರು, ದೊಡ್ಡವನಿಗೆ ಹತ್ತಿರಬಹುದು. ಗಾಯಾಳು ನೂರು ಕಿಲೋ ತೂಗುವ ಸೈನಿಕ. ಅವನನ್ನು ಎತ್ತಲು ದೊಡ್ಡವರಾರೂ ಹತ್ತಿರ ಬರುವಂತಿಲ್ಲ. ಅದಕ್ಕೆ, ಮಕ್ಕಳನ್ನೂ ಸಾಮಾನನ್ನೂ ಕೂರಿಸಿಕೊಂಡು ಹೋಗುವ, ಮುಂದೆ ದೊಡ್ಡ ಪೆಟ್ಟಿಗೆಯಿರುವ ಇಲ್ಲಿನ ಸೈಕಲ್ಲಿಗೆ ಗೋಣಿಬಟ್ಟೆ ಸುತ್ತಿ ತಂದಿದ್ದರು. ಗಾಯಾಳು ತಾನೇ ಎದ್ದು ಪೆಟ್ಟಿಗೆಯೊಳಗೆ ಕೂತು ಮತ್ತೆ ಮೂರ್ಛೆ ಹೋದ. ಅವನ ಬೂಟುಗಳು ಹೊರಗೆ ತೂಗಾಡುತ್ತಿದ್ದವು. ಜನ ನಕ್ಕರು, ನಾನೂ ನಕ್ಕೆ.

ಒಬ್ಬ ಹುಡುಗ ತುಳಿಯುತ್ತಿದ್ದ, ಇಬ್ಬರು ಹಿಂದಿನಿಂದ ತಳ್ಳುತ್ತಿದ್ದರು, ಸೈಕಲ್ ಕೆಸರಿನಲ್ಲಿ ಹೂತಿತು. ದೊಡ್ಡವರೆಲ್ಲ, ಎರಡೂ ಕಡೆಯವರು, ಬಂದೂಕು ಇಳಿಸಿ ಸುತ್ತ ನಿಂತರು, ತಂತಮ್ಮ ದೂರದಲ್ಲಿ. ಯಾರೂ ಮುಂದೆ ಬರಲಿಲ್ಲ, ಎಲ್ಲರೂ ಸಲಹೆ ಕೊಟ್ಟರು. ತೀರ ಚಿಕ್ಕವನ ಮುಖ ಕೆಂಪಾಗಿ, ತುಟಿ ಅಳುವ ಮೊದಲಿನಂತೆ ನಡುಗಿತು. ಅವನ ಅಮ್ಮ ವೃತ್ತದಲ್ಲಿ ಎದ್ದು ನಿಂತಳು. ಗೆರೆ ದಾಟಲಿಲ್ಲ. ಆಗ ನನಗೆ ನಗು ನಿಂತಿತು. ನಿಜವಾದ ಆ ಯುದ್ಧದಲ್ಲೂ ಹೀಗೇ ಆಗಿದ್ದಿರಬೇಕು. ದೊಡ್ಡವರದು ದೊಡ್ಡ ನಿಯಮ, ಹತ್ತಿರ ಹೋಗುವ ಕೆಲಸ ಮಾತ್ರ ನಿಯಮಕ್ಕೆ ಸಿಗದಷ್ಟು ಚಿಕ್ಕವರದು. ತಾಯಂದಿರು ಎಲ್ಲಿ ನಿಂತಿದ್ದರೋ, ಅವರಿಗೂ ಯಾರಾದರೂ ಸುಣ್ಣದ ಗೆರೆ ಎಳೆದಿದ್ದರೋ.

ಕ್ಯಾಪ್ಟನ್ ನಮ್ಮ ವೃತ್ತದ ಬಳಿ ಬಂದು, “ಐತಿಹಾಸಿಕವಾಗಿ ನೂರಕ್ಕೆ ನೂರು ಸರಿ,” ಎಂದು ಸಂತೋಷದಿಂದ ಹೇಳಿ ಹೋದ.

ಎರಡು ಗಂಟೆಗೆ ಸತ್ತವರೆದ್ದು ಕಾಫಿಗೆ ಸಾಲು ನಿಂತರು. ಎರಡು ಗಂಟೆ ಹತ್ತು ನಿಮಿಷಕ್ಕೆ ನಸೀಮಾಳಿಂದ ಗುರುತಿನ ಚೀಟಿಯ ಫೋಟೋ ಬಂತು. ಡಿಸೆಂಬರ್ ಎಂದು ಸ್ಪಷ್ಟವಾಗಿತ್ತು. ಮರೈಕೆಗೆ ತೋರಿಸಿದೆ.

“ಅಯ್ಯೋ, ಹಾಗಾದರೆ ಹನ್ನೆರಡೇ,” ಎಂದಳು. “ಮುಂದಿನ ವರ್ಷ ಖಂಡಿತ ಬನ್ನಿ.”

“ಮುಂದಿನ ವರ್ಷ ನಿಮ್ಮ ಲೆಕ್ಕದಲ್ಲೂ ಹದಿಮೂರಾಗಿರುತ್ತೆ.”

ಅವಳು ಬೆರಳು ಮಡಿಸಿ ಎಣಿಸಿದಳು. “ಹೌದಲ್ಲ,” ಎಂದಳು. ಪ್ರಾಮಾಣಿಕ ಹೆಂಗಸು. ನನ್ನ ಹಾಗೆಯೇ.

ಮರಳುವ ಬಸ್ಸು

ಬಸ್ಸಿನಲ್ಲಿ ಕೂತ ಕೂಡಲೇ ಜೈನ್ ಕೈ ಚಾಚಿದ. “ಇನ್ನೊಂದು ಮಾಸ್ಕ್ ಇದ್ಯಾ ಖಾಲಾ?”

“ನಿನಗೆ ಬೇಡ ಅಂದ್ಯಲ್ಲ.”

“ಹದಿಮೂರಾದ್ರೆ ಹಾಕ್ಬೇಕು.”

ಕೊಟ್ಟೆ. ಹಾಕಿಕೊಂಡು ಕಿಟಕಿಯಾಚೆ ನೋಡುತ್ತ ಕೂತ. ನೀಲಿ ಕೋಟಿನ ಮೇಲೆ ಕಣ್ಣು ಮಾತ್ರ ಉಳಿಯಿತು. ಮೂರು ನಿಲ್ದಾಣ ದಾಟಿದವು. ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶುಕ್ರವಾರ ಪಾಪನಿವೇದನೆಗೆ ಹೋಗುತ್ತಿದ್ದರು. ಅವರಿಗೂ ಪಾದ್ರಿಗೂ ನಡುವೆ ಒಂದು ಜಾಲರಿ ಇರುತ್ತಿತ್ತು. ನಮಗೆ ಹೊರಗೆ ಕಾಯುವ ಪಾಳಿ. ಈಗ ಜಾಲರಿಯ ಬದಲು ಇಬ್ಬರ ಬಾಯಿಗೂ ಬಟ್ಟೆ ಇತ್ತು.

“ಜೈನ್, ಅವರಿಗೆ ಹದಿಮೂರು ಅಂತ ಹೇಳಿದ್ದು ನಾನೇ.”

“ಗೊತ್ತು.”

“ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಆ ಟೇಬಲ್ ಹತ್ರ ನೀವೊಬ್ರೇ ಇದ್ದಿದ್ದು.”

“ಮತ್ತೆ ಯಾರೋ ಅಂದ್ಯಲ್ಲ.”

ಅವನು ಭುಜ ಕುಣಿಸಿದ. ನಾನು ಕೇಳಬೇಕಾದ ಕ್ಷಮೆಗೆ ಅವನು ಆಗಲೇ ಜಾಗ ಮಾಡಿಕೊಟ್ಟಿದ್ದ, ನಾನದನ್ನು ನಾಲ್ಕು ಗಂಟೆ ತಡವಾಗಿ ನೋಡಿದೆ.

“ಆ ಹುಡುಗ್ರು ಸುಳ್ಳು ಹೇಳಿ ಆರ್ಮಿಗೆ ಸೇರ್ತಿದ್ರು,” ಎಂದ, ಕಿಟಕಿಗೆ. “ನೀವು ನಿಜ ಹೇಳಿ ನನ್ನ ತೆಗೆಸಿದ್ರಿ. ನಿಮ್ಮಂಥ ಖಾಲಾ ಇದ್ದಿದ್ರೆ ವಾರ್ ನಡೀತಾನೇ ಇರ್ಲಿಲ್ಲ.”

ಅದು ಚುಚ್ಚುಮಾತೋ ಸಮಾಧಾನವೋ ಮಾಸ್ಕಿನಿಂದಾಗಿ ತಿಳಿಯಲಿಲ್ಲ.

ನ್ಯೂವೆಗೈನ್, ಸಂಜೆ

ನಾವು ದಾರಿಯಲ್ಲಿ ಒಂದು ಬಸ್ಸು ತಪ್ಪಿಸಿಕೊಂಡು ಮನೆ ಸೇರುವಾಗ ಐದು ದಾಟಿತ್ತು. ರಿಲೀಸ್ ಸುಖವಾಗಿ ಆಗಿತ್ತು, ತಾಯಿ ಮಗು ಕ್ಷೇಮ. ನಸೀಮಾ ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು.

“ಆಪಾ, ಹನ್ನೆರಡು ಅನ್ನೋಕೆ ಏನಾಗಿತ್ತು?”

“ಅಮ್ಮಿ ಹದಿಮೂರು ಅಂದಿದ್ರಲ್ಲ.”

“ಅಮ್ಮಿ ಹೇಳೋದು ಪಾಯಸಕ್ಕೆ.”

ಬೆಂಡೆಕಾಯಿ ಹೆಚ್ಚಲು ಕೂತೆ. ಕೋಟಿನ ಗುಂಡಿ ಬಿಚ್ಚಿ ಜೈನ್ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಎರಡು ಕೋಲು. ಡ್ರಮ್ಮನ್ನು ಸಂಘ ವಾಪಸು ತೆಗೆದುಕೊಂಡಿತ್ತು. ಸಂಘದ ಡ್ರಮ್ ಬರುವ ಮೊದಲು ಅವನು ಬಾರಿಸಲು ಕಲಿತ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಈಗ ನಾನು ಒಣಮೆಣಸಿನಕಾಯಿ ತುಂಬಿಟ್ಟಿದ್ದೆ. ಒಮ್ಮೆ ಅದನ್ನು ಖಾಲಿ ಮಾಡಿ ಕೊಡಲೇ ಎಂದು ಯೋಚಿಸಿದೆ. ಕೊಟ್ಟರೆ ಏನೆಂದುಕೊಳ್ಳುತ್ತಾನೋ ಎಂದು ಬಿಟ್ಟೆ.

ಬೇಲಿಯಾಚೆ ಟ್ರೂಸ್ ಅಜ್ಜಿ ಜೆರೇನಿಯಂ ಕುಂಡಗಳಿಗೆ ನೀರು ಹಾಕುತ್ತಿದ್ದರು. ಆರು ತಿಂಗಳಲ್ಲಿ ಅವರು ನಮ್ಮೊಂದಿಗೆ ಆಡಿದ್ದು ಹವಾಮಾನದ ಮಾತು, ಕಳಿಸಿದ್ದು ಒಂದು ಕಾಗದ. ನೀರಿನ ಕ್ಯಾನು ಓರೆಯಾಗಿಯೇ ಇತ್ತು, ಅವರು ಜೈನ್ ಕಡೆ ಅರ್ಧ ತಿರುಗಿ ಏನೋ ಹೇಳಿದರು, ಮತ್ತೆ ಮುಂದಿನ ಕುಂಡಕ್ಕೆ ಹೋದರು. ಜೈನ್ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು, ಮೆಣಸಿನಕಾಯಿ ಡಬ್ಬಿಯನ್ನು ಇಳಿಸಿ ಮುಚ್ಚಳ ತೆಗೆದ.

“ಏನಂದ್ರು?”

“ಇವತ್ತು ನಾಲ್ಕು ಗಂಟೆ ಯಾಕೆ ಆಗ್ಲೇ ಇಲ್ಲ, ನನ್ನ ಮಾತ್ರೆ ಮರ್ತೇಹೋಯ್ತು, ಅಂದ್ರು.”